ಸ್ಟ್ರೆಚರ್ ಮೇಲೆ ಸೀರೆ

ಮೊನ್ನೆ ಬನಹಟ್ಟಿಯ ಒಂದು ಪರೀಕ್ಷಾ ಕೇಂದ್ರಕ್ಕೆ ಬಂದೋಬಸ್ತಿಗೆಂದು ಹೋಗಿದ್ದೆ. ಡ್ಯೂಟಿ ಮುಗಿಸಿ ಬಸ್ ಸ್ಟ್ಯಾಂಡಿನ ಕಡೆ ಹೊರಟಾಗ ಒಂದು ಮನೆಯ ಮುಂದೆ ನೂಲಿಗೆ ಗಂಜಿ ಹಾಕಿ ಒಣಗಲು ಬಿಟ್ಟಿದ್ದರು. ಹುಳಿ ಹುಳಿಯಾದ ಗಂಜಿಯ ವಾಸನೆ, ಅದರ ಜೊತೆಗೆ ಆಗಷ್ಟೇ ಸಾರಿಸಿದ ನೆಲದ ಹಸಿ ವಾಸನೆ. ನನ್ನ ಕಾಲು ತಾನಾಗಿ ನಿಂತಿತು. ಜೊತೆಗಿದ್ದವಳು "ಯಾಕ್ರಿ ಅಕ್ಕಾರ, ಏನರ ಮರತ ಬಂದ್ರೇನು?" ಎಂದು ಕೇಳಿದಳು. ಮರೆಯುವುದೆಲ್ಲಿ ಬಂತು! ಆ ವಾಸನೆ ಮೂಗಿಗೆ ಬಡಿದರೆ ಸಾಕು, ರಬಕವಿಯ ಆ ಮಳೆಗಾಲ ಇಡಿಯಾಗಿ ಎದ್ದು ಬರುತ್ತದೆ. ಮಳೆಗಾಲ ಅನ್ನುವುದು ಮಾತಿಗೆ ಮಾತ್ರ. ಆ ವರ್ಷ ನಮ್ಮಲ್ಲಿ ಮಳೆ ಬಿದ್ದದ್ದೇ ಕಡಿಮೆ, ಹೊಳೆ ಮಾತ್ರ ಬಂತು.

ನಾನು ಜಮಖಂಡಿಯ ಗೃಹರಕ್ಷಕ ದಳದವಳು, ಹೆಸರು ಮಾಳವ್ವ. ಜಾತ್ರೆ, ಚುನಾವಣೆ, ಗಣಪತಿ ಕಳಿಸುವುದು, ಎಲ್ಲದಕ್ಕೂ ನಾವು ಬೇಕು. ಫೋಟೊ ತೆಗೆಯುವಾಗ ಮಾತ್ರ ನಮ್ಮನ್ನು ಪಕ್ಕಕ್ಕೆ ಸರಿಸುತ್ತಾರೆ. ಉಳಿದ ದಿನ ಮನೆಯಲ್ಲಿ ಹೊಲಿಗೆ ಮಷೀನು ತುಳಿಯುತ್ತೇನೆ. ನಮ್ಮದು ಬೀರೇಶ್ವರನಿಗೆ ನಡೆದುಕೊಳ್ಳುವ ಮನೆತನ. ಅಜ್ಜನ ಕಾಲಕ್ಕೆ ಕುರಿ ಇದ್ದವು, ಅಪ್ಪನ ಕಾಲಕ್ಕೆ ಕಂಬಳಿ ಮಗ್ಗ ಇತ್ತು, ಅಣ್ಣಂದಿರ ಕಾಲಕ್ಕೆ ಸರಕಾರಿ ನೌಕರಿ ಬಂತು. ನನ್ನ ಪಾಲಿಗೆ ಬಂದದ್ದು ಬಾಯಿ. ಅದು ಜೋರು ಎಂದು ಊರೆಲ್ಲ ಹೇಳುತ್ತದೆ, ನಾನೂ ಇಲ್ಲ ಅನ್ನುವುದಿಲ್ಲ.

ಆ ವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಜಮಖಂಡಿಯಲ್ಲಿ ಒಂದು ತರಬೇತಿ ಇಟ್ಟರು. ಅಪಘಾತ, ಬೆಂಕಿ, ನೆರೆ ಬಂದಾಗ ಯಾರು ಏನು ಮಾಡಬೇಕು, ಯಾರ ಮಾತು ಯಾರು ಕೇಳಬೇಕು ಎಂದು ಕಲಿಸುವುದಿತ್ತು. ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಿಂದಲೂ ಪೊಲೀಸರು, ಅಗ್ನಿಶಾಮಕದವರು, ಆಂಬುಲೆನ್ಸಿನವರು, ಲೈನ್‌ಮನ್‌ಗಳು ಬಂದಿದ್ದರು. ಕಲಿಸಲು ಬಂದವರು ಮೈಸೂರು ಕಡೆಯ ಮೂರ್ತಿ ಸರ್. ತೆಳ್ಳಗಿನ ಮನುಷ್ಯ, ಮೆಲು ಮಾತು. ನಮ್ಮ ಜೋಳದ ರೊಟ್ಟಿಯ ಎದುರು ಮೊದಲ ದಿನ ಸೋತರು, ಆಮೇಲೆ ಅದಿಲ್ಲದೆ ಊಟಕ್ಕೇ ಕೂಡ್ರುತ್ತಿರಲಿಲ್ಲ.

"ಒಂದು ಜಾಗಕ್ಕೆ ಒಬ್ಬರೇ ಕಮಾಂಡರ್," ಎಂದರು ಅವರು. "ತರಬೇತಿ ಆದವರಲ್ಲಿ ಯಾರು ಮೊದಲು ತಲುಪ್ತಾರೋ ಅವರು. ಆಮೇಲೆ ದೊಡ್ಡ ಅಧಿಕಾರಿ ಬಂದರೆ, ಈಗ ನಾನು ತಗೊಂಡೆ ಅಂತ ಬಾಯಿಬಿಟ್ಟು ಹೇಳಿ ತಗೋಬೇಕು. ಸುಮ್ಮನೆ ಪಕ್ಕದಲ್ಲಿ ನಿಂತು ಕೂಗಾಡೋ ಹಾಗಿಲ್ಲ."

ಮುಂದಿನ ಸಾಲಿನಲ್ಲಿದ್ದ ರಬಕವಿಯ ಪಿಎಸ್‌ಐ ಸಾಹೇಬರು ನನ್ನತ್ತ ತಿರುಗಿ ನಕ್ಕರು. "ಅಂದ್ರ ಈ ಹೋಮ್‌ಗಾರ್ಡ್ ನನಗ ಆರ್ಡರ್ ಮಾಡ್ತಾಳೇನ್ರಿ?"

"ಅವರು ಮೊದಲು ತಲುಪಿದ್ದರೆ, ಹೌದು."

ಕೋಣೆಯಲ್ಲಿ ಎಲ್ಲರೂ ನಕ್ಕರು. ನನಗೆ ಮೈ ಉರಿಯಿತು. ಎದ್ದು ನಿಂತು, "ಸರ, ನಮ್ಮ ಕಡೆ ಒಂದ ಗಾದಿ ಐತ್ರಿ. ಹತ್ತ ಮಂದಿ ಸೇರಿದಲ್ಲಿ ಹಾವು ಸಾಯೂದಿಲ್ಲ," ಎಂದೆ. ಮೂರ್ತಿ ಸರ್ ಅದನ್ನು ದೊಡ್ಡ ಅಕ್ಷರದಲ್ಲಿ ಬೋರ್ಡಿನ ಮೇಲೆ ಬರೆದು, "ಪಾಠ ಇಷ್ಟೇ, ಉಳಿದದ್ದೆಲ್ಲ ಇದರ ವಿವರಣೆ," ಎಂದುಬಿಟ್ಟರು.

ಕಡೆಯ ದಿನ ಊರ ಹೊರಗಿನ ಕೆರೆಯಲ್ಲಿ ಅಣಕು ಕಾರ್ಯಾಚರಣೆ. ಕಮಾಂಡರ್ ಯಾರೆಂದು ಚೀಟಿ ಎತ್ತಿದರೆ ನನ್ನ ಹೆಸರೇ ಬರಬೇಕೆ! ಕಮಾಂಡರ್ ಗುರುತಿನ ನೀಲಿ ಜಾಕೀಟು ತೊಡಿಸಿದರು. ಮುಳುಗುವವನ ಪಾತ್ರ ನಮ್ಮ ದಳದ ಮೆಹಬೂಬನದು. ಉಳಿದ ದಿನ ಆಟೊ ಓಡಿಸುವ, ಆನೆಯಂಥ ಆಳು ಅವನು. ಖಾಲಿ ಡ್ರಮ್ಮು ಹಿಡಿದುಕೊಂಡು ಕೆರೆಯ ನಡುವೆ ತೇಲುತ್ತ "ಕಾಪಾಡ್ರಪ್ಪೋ" ಎಂದು ಚೆನ್ನಾಗಿಯೇ ಕೂಗುತ್ತಿದ್ದ. ಹಗ್ಗ ಎಸೆದೆವು, ಅವನು ಹಿಡಿದ. ಎಳೆಯಲು ಶುರುಮಾಡಬೇಕು, ಅಷ್ಟರಲ್ಲಿ ನೋಡಲು ಕರೆದಿದ್ದ ಗಣ್ಯರೊಬ್ಬರ ಕಾರು ಬಂತು.

ಆಮೇಲೆ ಆದದ್ದು ನಮ್ಮ ಕಡೆ ಮಾತ್ರ ಆಗುವಂಥದ್ದು. ಹಗ್ಗ ಹಿಡಿದವರೆಲ್ಲ ಹಗ್ಗ ಬಿಟ್ಟರು. ಒಬ್ಬ ಕುರ್ಚಿಗೆ ಓಡಿದ, ಒಬ್ಬ ಶಾಲಿಗೆ, ಇನ್ನೊಬ್ಬ ರುಮಾಲು ತರಲು. "ಹಗ್ಗ ಹಿಡೀರೋ!" ಎಂದು ನಾನು ಗಂಟಲು ಹರಿಯುವಂತೆ ಕೂಗಿದೆ. "ಇರ ಬೇ, ಹಾರ ಹಾಕಿ ಬರ್ತೀವಿ," ಎಂದು ಓಡುತ್ತಲೇ ಉತ್ತರ ಕೊಟ್ಟರು. ಗಣ್ಯರಿಗೆ ರುಮಾಲು ಸುತ್ತಿ, ಶಾಲು ಹೊದಿಸಿ, ಫೋಟೊ ತೆಗೆಸಿಕೊಳ್ಳುವಷ್ಟರಲ್ಲಿ ಕೆರೆಯ ನಡುವಿನಿಂದ ಮೆಹಬೂಬ, "ರೀ, ನಾ ಮುಳಗ್ಲ್ಯೋ ಬ್ಯಾಡೋ, ಒಂದ ಹೇಳ್ರಿ!" ಎಂದ. ಮೂರ್ತಿ ಸರ್ ಮುಖ ಗಂಟು ಹಾಕಲಿಲ್ಲ. "ಮೆಹಬೂಬ್ ಸತ್ತುಹೋದರು. ಸನ್ಮಾನ ಚೆನ್ನಾಗಿತ್ತು," ಎಂದಷ್ಟೇ ಹೇಳಿದರು.

ಆ ಸಂಜೆ ಅವರು ನಮ್ಮನ್ನು ಮನೆಗೆ ಬಿಡಲಿಲ್ಲ. ಸ್ಟ್ರೆಚರಿನ ಮೇಲೆ ತುಂಬಿದ ಕೊಡ ಇಟ್ಟು, ನಾಲ್ಕು ಮಂದಿ ಹೊತ್ತು, ಹನಿ ತುಳುಕದಂತೆ ಮೈದಾನ ಸುತ್ತಿಸಿದರು. ತುಳುಕಿದರೆ ಮತ್ತೆ ಮೊದಲಿನಿಂದ. ನಾನು ಹೆಜ್ಜೆ ಹೇಳಬೇಕು, ಅವರು ಇಡಬೇಕು. ಮೊದಮೊದಲು ಸಿಡಿಮಿಡಿಗೊಂಡವರು ಕತ್ತಲಾಗುವಷ್ಟರಲ್ಲಿ ನನ್ನ ಬಾಯಿಯ ಲಯಕ್ಕೆ ಕಾಲು ಹೊಂದಿಸಿಕೊಂಡಿದ್ದರು. ಬೀಳ್ಕೊಡುವಾಗ ಮೂರ್ತಿ ಸರ್ ನನಗೆ, "ಮಾಳವ್ವ, ಜಾಕೀಟು ನಾವು ಕೊಡಬಹುದು. ಜನ ನಿಮ್ಮ ಮಾತು ಕೇಳೋ ಹಾಗೆ ಮಾಡೋದು ನಿಮ್ಮ ಕೈಯಲ್ಲೇ ಇದೆ," ಎಂದರು. ಆ ಮಾತು ನನ್ನನ್ನು ಚುಚ್ಚಿತು. ಒಳ್ಳೆಯ ರೀತಿಯಲ್ಲೇ ಚುಚ್ಚಿತು.

ನಮ್ಮ ಕಡೆಯ ನೆರೆಯ ಗುಣ ಹೊರಗಿನವರಿಗೆ ತಿಳಿಯುವುದಿಲ್ಲ. ಮಳೆ ಬೀಳುವುದು ಮಹಾರಾಷ್ಟ್ರದ ಘಟ್ಟದಲ್ಲಿ, ನೀರು ಬರುವುದು ನಮ್ಮ ಓಣಿಗೆ. ಮೇಲೆ ಬಿಸಿಲು ಚುರುಗುಟ್ಟುತ್ತಿರುತ್ತದೆ, ಹಪ್ಪಳ ಒಣಹಾಕಬಹುದು. ಕೆಳಗೆ ಕೃಷ್ಣೆ ಸದ್ದಿಲ್ಲದೆ ದಂಡೆ ಏರುತ್ತಿರುತ್ತಾಳೆ. ಇಂಥ ಬಿಸಿಲಿನಲ್ಲಿ ಮನೆ ಬಿಡಿ ಎಂದರೆ ಯಾರು ನಂಬಿಯಾರು? ಆ ಶ್ರಾವಣದಲ್ಲಿ ನಮ್ಮ ದಳವನ್ನು ರಬಕವಿಗೆ ಕರೆಸಿದರು. ಪಿಎಸ್‌ಐ ಸಾಹೇಬರು ಸೇತುವೆಯ ಕಡೆ ಜನ ತಡೆಯಲು ಹೋಗಿದ್ದರು. ಹೊಳೆ ದಂಡೆಯ ನೇಕಾರರ ಓಣಿಗೆ ಮೊದಲು ತಲುಪಿದವರು ನಾವು. ತರಬೇತಿಯಲ್ಲಿ ಕೊಟ್ಟ ನೀಲಿ ಜಾಕೀಟು ಚೀಲದಲ್ಲಿತ್ತು. ತೆಗೆದು ಹಾಕಿಕೊಂಡೆ. ಸಂಜೆಯೊಳಗೆ ಓಣಿ ಖಾಲಿಯಾಗಬೇಕಿತ್ತು. ಮಣ್ಣಿನ ಗೋಡೆಯ ಮನೆಗಳು ಅವು, ಬುಡಕ್ಕೆ ನೀರು ಹತ್ತಿದರೆ ರಾತ್ರಿ ಕಳೆಯುವ ಭರವಸೆ ಇರಲಿಲ್ಲ.

ಮೈಕಿನಲ್ಲಿ ಕೂಗಿದೆವು. ಎತ್ತರದಲ್ಲಿರುವ ಸಾಲೆಗೆ ಒಯ್ಯಲು ಟ್ರ್ಯಾಕ್ಟರು ತಂದು ನಿಲ್ಲಿಸಿದೆವು. ಯಾರೂ ಕದಲಲಿಲ್ಲ. ಓಣಿಯ ಕೆಳತುದಿಗೆ ನೀರು ಬಂದು ನಿಂತಿತ್ತು, ಮನೆಗಳ ಒಳಗಿಂದ ಮಾತ್ರ ಲಾಳಿಯ ಸದ್ದು ಕೇಳುತ್ತಲೇ ಇತ್ತು. ಆ ಕಡೆ ಒಂದು ಮಗ್ಗ, ಈ ಕಡೆ ಒಂದು ಮಗ್ಗ, ಟಕ್ ಟಕ್ ಎಂದು. ಬಾಗಿಲಲ್ಲಿ ನಿಂತಿದ್ದ ಕಸ್ತೂರಿ ಎಂಬ ಎಳೆಪ್ರಾಯದ ಹೆಂಗಸು, ಕಂಕುಳಲ್ಲಿ ಕೂಸು ಎತ್ತಿಕೊಂಡವಳು, "ಈರಪ್ಪಜ್ಜ ಎದ್ದರ ನಾವೂ ಏಳ್ತೀವ್ರಿ. ಅಂವಾ ಇನ್ನಾ ನೇಯಾಕತ್ತಾನ," ಎಂದಳು.

ಈರಪ್ಪಜ್ಜನ ಮನೆಗೆ ಹೋದೆ. ಬಾಗಿಲಲ್ಲೇ ಗಂಜಿ ವಾಸನೆ, ಹಸಿ ನೆಲದ ವಾಸನೆ. ಅದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕುಳಿತು ನೇಯುವುದು. ಹೊಳೆ ಓಣಿಗೆ ಬರುವ ಮೊದಲೇ ಅದರ ನೀರು ಆ ಕುಣಿಯಲ್ಲಿ ಒಸರುತ್ತದೆ. ಅಜ್ಜ ಮೊಣಕಾಲುದ್ದ ನೀರಲ್ಲಿ ಕಾಲಿಟ್ಟು ನೇಯುತ್ತಿದ್ದ. ಪಕ್ಕದಲ್ಲಿ ಹೆಂಡತಿ ಗಂಗವ್ವಜ್ಜಿ ಎಣ್ಣೆ ಡಬ್ಬಿಯಿಂದ ನೀರು ಮೊಗೆದು ಮೊಗೆದು ಹಿತ್ತಲಿಗೆ ಚೆಲ್ಲುತ್ತಿದ್ದಳು.

"ಯಜ್ಜಾ, ಏಳ್ರಿ. ನೀರ ಬಂದೈತಿ."

"ಬಂದೈತಿ ಬೇ, ಕಾಣತೈತಿ. ಸೆರಗ ಅಷ್ಟ ಉಳದೈತಿ. ನಾಳಿ ಮಧ್ಯಾಹ್ನಕ್ಕ ಮುಗೀತೈತಿ."

"ನಾಳಿ ಮಧ್ಯಾಹ್ನ ಈ ಮನಿ ಇರತೈತೋ ಇಲ್ಲೋ!"

"ಮಗ್ಗದ ಮ್ಯಾಲಿನ ಸೀರಿ ಅರ್ಧಕ್ಕ ಕೊಯ್ಯೂದು ಅಂದ್ರ, ಉಣ್ಣಾಕ ಕುಂತಾವನ ಮುಂದಿನ ಗಂಗಾಳ ಕಸಗೊಂಡಂಗ. ನಮ್ಮಪ್ಪ ಕೊಯ್ದಿಲ್ಲ, ನಾನೂ ಕೊಯ್ಯೂದಿಲ್ಲ."

ಬೇರೆಯವರಾಗಿದ್ದರೆ ಮುದುಕನ ಹಟ ಎಂದು ಬೈಯುತ್ತಿದ್ದರು. ನಾನು ಬೈಯಲಾರದೆ ಹೋದೆ. ನಮ್ಮ ಮನೆಯಲ್ಲೂ ಅರ್ಧ ನೇಯ್ದ ಕಂಬಳಿಗೆ ಕತ್ತರಿ ಹಾಕಿದವರಿಲ್ಲ. ಒಮ್ಮೆ ಮನೆ ಬದಲಿಸುವಾಗ ಅಪ್ಪ ಹಾಸಿನ, ಅಂದರೆ ಮಗ್ಗದ ಉದ್ದಕ್ಕೂ ಕಟ್ಟಿದ ಎಳೆಗಳನ್ನೆಲ್ಲ ಎರಡು ಕೋಲಿಗೆ ಬಿಗಿಯಾಗಿ ಸುತ್ತಿ, ಎಳೆ ಹಾಯುವ ಬಾಚಣಿಗೆಯಂಥ ಹಣಿಗೆಯ ಸಮೇತ ಕಟ್ಟಿ, ನಾಲ್ಕು ಮಂದಿಯಿಂದ ಹೊರಿಸಿದ್ದರು. ಅದನ್ನೇ ಅಜ್ಜನಿಗೆ ಹೇಳಿದೆ.

"ಅದು ನನಗ ಗೊತ್ತಿಲ್ಲೇನ ಮಗಳ?" ಎಂದ ಅಜ್ಜ. "ಒಂದ ಹಾಸ ಎತ್ತಾಕ ನಾಕ ಮಂದಿ ಬೇಕು. ಇಲ್ಲಿ ಯಾರ ಅದಾರ? ಎಲ್ಲಾರೂ ತಂತಮ್ಮ ಮಗ್ಗ ಹಿಡಕೊಂಡ ಕುಂತಾರ."

ಅಷ್ಟರಲ್ಲಿ ಜೀಪಿನ ಸದ್ದು ಕೇಳಿ ಹೊರಗೆ ಬಂದೆ. ಪಿಎಸ್‌ಐ ಸಾಹೇಬರು ಬಂದಿದ್ದರು, ಮುಖ ಕೆಂಪಗಾಗಿತ್ತು. "ಏನ್ ಮಾಡಾಕತ್ತೀರಿ ಇನ್ನಾ? ಬಾಗಿಲಾ ಒಡೀರಿ, ಹೊತ್ತಕೊಂಡ ಬರ್ರಿ ಒಬ್ಬೊಬ್ಬರನ್ನ!" ಎಂದು ಕೂಗಿದರು. ಮೆಹಬೂಬ ನನ್ನ ಮುಖ ನೋಡಿದ, ಅವರ ಮುಖ ನೋಡಿದ. ಉಳಿದವರೂ ನಿಂತರು. ಒಂದು ಕಾಲು ಇತ್ತ, ಒಂದು ಕಾಲು ಅತ್ತ. ಕೆರೆಯ ದಂಡೆಯಲ್ಲಿ ಹಗ್ಗ ಕೈಬಿಟ್ಟದ್ದು ಕಣ್ಣ ಮುಂದೆ ಬಂತು. ಹೆದರಿದ್ದೆ, ಸುಳ್ಳೇಕೆ ಹೇಳಲಿ. ಸೆಲ್ಯೂಟ್ ಹೊಡೆದೆ. ಹೊಡೆದು, "ಸಾಹೇಬ್ರ, ಕಮಾಂಡ್ ನೀವ ತಗೋತೀರಿ ಅಂದ್ರ ಬಾಯಿಬಿಟ್ಟ ಹೇಳ್ರಿ, ಈಗಿಂದೀಗ ಒಪ್ಪಿಸ್ತೀನಿ," ಎಂದೆ. "ಇಲ್ಲಂದ್ರ ಇಲ್ಲಿ ಒಬ್ಬರದ ಮಾತ ನಡೀಬೇಕ್ರಿ. ಬಾಗಿಲಾ ಒಡದ್ರ ಇವತ್ತ ಹೊರಗ ಬರ್ತಾರ, ನಾವು ಆ ಕಡೆ ಹೋಗೂದ ತಡ ಹಿತ್ತಲದಿಂದ ತಿರಗಿ ಒಳಗ ಹೊಕ್ಕೋತಾರ."

ಅವರು ನನ್ನನ್ನೇ ನೋಡಿದರು. ಓಣಿಯ ಕೆಳತುದಿಯ ನೀರನ್ನು ನೋಡಿದರು. "ಏನ್ ಮಾಡಾಂವ ಅದಿ ನೀ?" ಎಂದರು. ಗಡಿಬಿಡಿಯಲ್ಲಿ ನನ್ನನ್ನು ಗಂಡಸು ಮಾಡಿಬಿಟ್ಟಿದ್ದರು.

"ಸ್ಟ್ರೆಚರ್ ಮ್ಯಾಲ ಸೀರಿ ಒಯ್ತೀನ್ರಿ."

"ಸೀರಿಗೆ ಸ್ಟ್ರೆಚರ್?"

"ಸೀರಿ ಹಿಂದ ಮಂದಿ ಬರ್ತಾರ್ರಿ."

ಅವರು ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಂಡರು. "ನಡೀಲಿ, ನಿಂದ ನಡೀಲಿ. ನನಗೇನ್ ಕೆಲಸಾ ಹೇಳು," ಎಂದರು. ಆ ಮನುಷ್ಯನ ಮೇಲೆ ನನಗಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು. ಓಣಿಯ ಬಾಯಿ ಕಾಯಿರಿ, ಹೊರಗಿನವರನ್ನು ಒಳಗೆ ಬಿಡಬೇಡಿರಿ ಎಂದೆ. ಹೋಗಿ ಹಗ್ಗ ಕಟ್ಟಿ ನಿಂತರು.

ಅಜ್ಜನೇ ಹೇಳಿಕೊಟ್ಟ, ನಾವು ಕೈ ಆಡಿಸಿದೆವು. ಹಿಂದಿನ ಹಗ್ಗ ಬಿಚ್ಚಿ, ಎಳೆ ಸಡಿಲಾಗದಂತೆ ಸುತ್ತುತ್ತ ಸುತ್ತುತ್ತ ಬಂದು, ನೇಯ್ದ ಸೀರೆಯ ಸುರುಳಿಯನ್ನೂ ಹಣಿಗೆಯನ್ನೂ ಒಟ್ಟಿಗೆ ಹಳೆಯ ಧೋತರದಲ್ಲಿ ಬಿಗಿದು, ಸ್ಟ್ರೆಚರಿಗೆ ಏರಿಸಿದೆವು. ಮೆಹಬೂಬ ಮುಂದಿನ ಹಿಡಿಕೆ ಹಿಡಿದ. ನಾನು ಹೆಜ್ಜೆ ಹೇಳಿದೆ. ಮೈದಾನದಲ್ಲಿ ಕೊಡ ಹೊತ್ತ ಕಾಲುಗಳು ಅವು, ನೀರೊಳಗೂ ತಪ್ಪಲಿಲ್ಲ. ತನ್ನ ಸೀರೆ ಹೊಸ್ತಿಲು ದಾಟಿದ್ದೇ ತಡ ಅಜ್ಜ ಕುಣಿಯಿಂದ ಎದ್ದ. ಯಾರೂ ಎಬ್ಬಿಸಬೇಕಾಗಲಿಲ್ಲ. "ಎಡಕ್ಕ ವಾಲಾಕತ್ತೈತಿ, ಎತ್ತೋ ಆನಿ!" ಎಂದು ಮೆಹಬೂಬನನ್ನು ಗದರುತ್ತ, ಒದ್ದೆ ಧೋತರ ಎತ್ತಿ ಹಿಡಿದುಕೊಂಡು ಹಿಂದೆಯೇ ನಡೆದ. ಗಂಗವ್ವಜ್ಜಿ ಡಬ್ಬಿ ಬಿಸಾಕಿ, "ಐವತ್ತ ವರ್ಷದಾಗ ನನ್ನ ಹಿಂದ ಒಮ್ಮೆರ ಹಿಂಗ ಬಂದಾನೇನ ನೋಡವ್ವಾ," ಎಂದು ಟ್ರ್ಯಾಕ್ಟರ್ ಹತ್ತಿದಳು.

ಓಣಿಯಲ್ಲಿ ಲಾಳಿಯ ಸದ್ದು ಒಂದೊಂದಾಗಿ ನಿಂತಿತು. ಬಾಗಿಲುಗಳಿಂದ ಮುಖಗಳು ಬಂದವು. "ನಮ್ಮದೂ ಒಯ್ಯತೀರೇನ್ರಿ?" ಎಂದು ಒಬ್ಬ, "ಮೊದಲ ನಮ್ಮದ್ರಿ!" ಎಂದು ಮತ್ತೊಬ್ಬ. ಇಲ್ಲೇ ನೋಡಿ ನನ್ನ ಬಾಯಿ ಕೆಲಸಕ್ಕೆ ಬಂದದ್ದು. ಓಣಿಯ ಕೆಳತುದಿಯ ಕಟ್ಟೆಯ ಮೇಲೆ ಹತ್ತಿ ನಿಂತು ಕೂಗಿದೆ: "ಯಾರ ಮನಿ ಮಂದಿ ಪೂರಾ ಟ್ರ್ಯಾಕ್ಟರ್ ಹತ್ತಿರತಾರ, ಅವರ ಮಗ್ಗಕ್ಕಷ್ಟ ಸ್ಟ್ರೆಚರ್! ಒಂದ ಕೂಸ ಉಳದಿದ್ರೂ ಬರೂದಿಲ್ಲ! ಮತ್ತ ಕೇಳ್ರಿ, ಈ ಕಟ್ಟಿ ಮ್ಯಾಲ ನೀರ ಏರಿದ್ರ ಸೀಟಿ ಊದ್ತೀನಿ. ಊದಿದ ಮ್ಯಾಲ ಯಾರ ಸೀರೀನೂ ಇಲ್ಲ, ಯಾರ ಮಗ್ಗಾನೂ ಇಲ್ಲ!"

ಆಮೇಲಿನ ಹೊತ್ತು ಹೇಗೆ ಹೋಯಿತೋ. ಮುಂಜಾನೆಯಿಂದ ಹೊಸ್ತಿಲು ದಾಟದವರು ಅಜ್ಜಿಯರನ್ನು ಹೆಗಲ ಮೇಲೆ ಹೊತ್ತು ಓಡಿ ಬಂದರು. ಮನೆ ಬಿಡಲಾರೆ ಎಂದು ಹಟ ಹಿಡಿದ ಮಾವನನ್ನು ಸೊಸೆ ಗದರಿಸಿ ಕರೆತಂದಳು. ತಮ್ಮ ಮಗ್ಗ ಆದವರು ಪಕ್ಕದ ಮನೆಯ ಹಾಸು ಎತ್ತಲು ಹೋದರು. ಎರಡು ಸ್ಟ್ರೆಚರು ಸಾಲದೆ ಬಾಗಿಲು ಕಿತ್ತು ಸ್ಟ್ರೆಚರು ಮಾಡಿದರು. ನಡುವೆ ದೊಡ್ಡವರೊಬ್ಬರ ಕಾರುಗಳ ಸಾಲು ಓಣಿಯ ಬಾಯಿಗೆ ಬಂದು ನಿಂತಿತು. ಒಬ್ಬನಾದರೂ ತಿರುಗಿ ನೋಡಿದ್ದರೆ ಕೇಳಿ. ಪಿಎಸ್‌ಐ ಸಾಹೇಬರು ಹಗ್ಗದ ಈಚೆಯಿಂದಲೇ ಕೈಮುಗಿದು, "ಕಮಾಂಡರ್ ಅಪ್ಪಣಿ ಇಲ್ಲದ ಒಳಗ ಬಿಡಾಂಗಿಲ್ರಿ ಸಾಹೇಬ್ರ," ಎಂದದ್ದು ನನ್ನ ಕಿವಿಗೆ ಬಿತ್ತು. ನನ್ನ ಬೆನ್ನು ತಾನಾಗಿ ನೆಟ್ಟಗಾಯಿತು. ಬಂದವರು ಒಳ್ಳೆಯವರೇ ಇದ್ದರು, ಅಲ್ಲೇ ನಿಂತು ಇನ್ನೊಂದು ಟ್ರ್ಯಾಕ್ಟರಿಗೆ ಫೋನು ಮಾಡಿಸಿದರು.

ಹೊತ್ತು ಇಳಿಯುತ್ತ ಬಂದಾಗ ಒಂದೇ ಮಗ್ಗ ಉಳಿದಿತ್ತು, ಕಸ್ತೂರಿಯದು. ಅವಳ ಗಂಡ ದುಡಿಯಲು ಮಹಾರಾಷ್ಟ್ರದ ಇಚಲಕರಂಜಿಗೆ ಹೋದವನು. ಅವಳು, ಅತ್ತೆ, ಕೂಸು ಆಗಲೇ ಟ್ರ್ಯಾಕ್ಟರಿನಲ್ಲಿ ಕುಳಿತಿದ್ದರು. ಮೆಹಬೂಬ ಸ್ಟ್ರೆಚರ್ ಹಿಡಿದು ಅವಳ ಹೊಸ್ತಿಲ ಮೇಲೆ ಕಾಲಿಟ್ಟಿದ್ದ. ನಾನು ಕೆಳಗೆ ನೋಡಿದೆ. ಕಟ್ಟೆಯ ಮೇಲೆ ನನ್ನ ಬೂಟಿನ ಸುತ್ತ ನೀರು ಹರಿಯುತ್ತಿತ್ತು.

ಸೀಟಿ ಊದಿದೆ.

"ಅಕ್ಕಾ, ನಂದೊಂದ ಉಳದೈತ್ರಿ! ನಂದೊಂದ!" ಎಂದು ಕಸ್ತೂರಿ ಟ್ರ್ಯಾಕ್ಟರಿನಿಂದ ಕೂಗಿದಳು.

"ಮಾಳವ್ವಕ್ಕಾ, ಮಗ್ಗ ಇಲ್ಲೇ ಕಾಣಾಕತ್ತೈತಿ. ಹಂಗ ಹೋಗಿ ಹಿಂಗ ಬರ್ತೀವಿ," ಎಂದ ಮೆಹಬೂಬ.

ಓಣಿಯ ಮಂದಿಯೆಲ್ಲ ನನ್ನನ್ನೇ ನೋಡುತ್ತಿದ್ದರು. ಹೂಂ ಅನ್ನುವುದು ಎಷ್ಟು ಸುಲಭವಿತ್ತು! ಎಲ್ಲರದ್ದೂ ಉಳಿಸಿ ಬಡವಿಯೊಬ್ಬಳದ್ದು ಬಿಟ್ಟಳು ಎನ್ನುವ ಮಾತು ಬೇಡವಾಗಿತ್ತು ನನಗೆ. ಆದರೂ, "ಮೆಹಬೂಬ, ಬಾ," ಎಂದೆ. ಅವನು ಹೊಸ್ತಿಲಿನಿಂದ ಕಾಲು ತೆಗೆದು ಬಂದ. ಕಸ್ತೂರಿ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಸಾಲೆ ಮುಟ್ಟುವವರೆಗೆ ಅವಳು ನನ್ನತ್ತ ನೋಡಲಿಲ್ಲ, ನನಗೂ ಅವಳತ್ತ ನೋಡುವ ಧೈರ್ಯ ಬರಲಿಲ್ಲ.

ಸಾಲೆಯ ಅಂಗಳದಲ್ಲಿ ದೀಪ ಹಚ್ಚುವ ಹೊತ್ತು. ವರಾಂಡದ ತುಂಬ ಸುತ್ತಿಟ್ಟ ಹಾಸುಗಳು ಸಾಲಾಗಿ ಮಲಗಿದ್ದವು, ಈರಪ್ಪಜ್ಜ ತನ್ನದರ ಪಕ್ಕ ಕಾವಲು ಕುಳಿತಿದ್ದ. ಒಂದು ಕಡೆ ಒಲೆ ಹೊತ್ತಿಸಿ ಅನ್ನಕ್ಕಿಟ್ಟಿದ್ದರು. ನಾನು ಓಣಿಯ ಮೇಲ್ತುದಿಯಿಂದ ಒಂದೊಂದೇ ಮನೆಯ ಹೆಸರು ಹಿಡಿದು ಕೂಗತೊಡಗಿದೆ. "ಅದೀವ್ರಿ!" "ಐದೂ ಮಂದಿ ಅದೀವಿ!" ಎಂದು ಉತ್ತರ ಬರುತ್ತಿತ್ತು. ಅರ್ಧ ಓಣಿ ಕೂಗಿರಬೇಕು, ಕೆಳಗೆ ಹೊಳೆಯ ಕಡೆಯಿಂದ ದೊಡ್ಡ ಸದ್ದು ಬಂತು. ಗೋಡೆ ಬಿದ್ದ ಸದ್ದು. ಒಂದರ ಹಿಂದೆ ಇನ್ನೊಂದು.

ಸೇತುವೆಯ ಕಡೆಗೆ ದೀಪ ಹಿಡಿದು ನಿಂತಿದ್ದ ಪೊಲೀಸನೊಬ್ಬ ಫೋನಿನಲ್ಲಿ ಹೇಳಿದ್ದನ್ನು ಪಿಎಸ್‌ಐ ಸಾಹೇಬರು ನನ್ನ ಕಿವಿಯಲ್ಲಿ ಹೇಳಿದರು. "ಕಸ್ತೂರಿ ಮನಿ. ಮುಂದಿನ ಗ್ವಾಡಿ ಪೂರಾ ಕೂತೈತಿ. ಬಾಗಿಲಾನೂ ಕಾಣವಲ್ದಂತ." ಮೆಹಬೂಬ ಅದನ್ನು ಕೇಳಿಸಿಕೊಂಡ. ಚಹಾದ ಲೋಟ ಕೆಳಗಿಟ್ಟು ನನ್ನ ಪಕ್ಕ ಬಂದು ನಿಂತ. ನಾನು ಕೂಗುವುದನ್ನು ಬಿಡಲಿಲ್ಲ. ಮುಂದಿನ ಮನೆಯ ಹೆಸರು ಹೇಳಿದೆ, ಅದರ ಮುಂದಿನದು ಹೇಳಿದೆ. ಉತ್ತರಗಳು ಮೊದಲಿಗಿಂತ ಜೋರಾಗಿ ಬರುತ್ತಿದ್ದವು. ಕೊನೆಗೆ ಓಣಿಯ ತುದಿಯ ಮನೆ ಬಂತು.

"ಕಸ್ತೂರಿ!"

ಕತ್ತಲೆಯಲ್ಲಿ ಯಾರೋ ಎದ್ದು ನಿಂತದ್ದು ಕಂಡಿತು.

"ಅದೀವಿ ಅಕ್ಕಾ," ಎಂದಳು ಅವಳು, ಕೂಸನ್ನು ಮೇಲೆತ್ತಿ ತೋರಿಸುತ್ತ. "ಅತ್ತಿ ಅದಾರ, ಕೂಸ ಐತಿ, ನಾ ಅದೀನಿ. ಮೂರೂ ಮಂದಿ ಅದೀವ್ರಿ!"

ಇಡೀ ಅಂಗಳ ಹೋ ಎಂದು ಕೂಗಿತು. ಸಮವಸ್ತ್ರ ತೊಟ್ಟವರು ಹಾಗೆಲ್ಲ ಕೂಗಬಾರದು ಎಂದು ನಿಯಮವಿದೆಯಂತೆ. ನಾನೂ ಕೂಗಿದೆ, ಎಲ್ಲರಿಗಿಂತ ಜೋರಾಗಿ ಕೂಗಿದೆ.